ಆರ್ಡರ್ ಎಐ ಬರೆಯಲಿ, ಒಪ್ಪಿಗೆ ನಿಮ್ಮವರದಿರಲಿ

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು ಪಿವಿಸಿ ಪೈಪ್, ಫಿಟಿಂಗ್ಸ್ ಹೋಲ್‌ಸೇಲ್ ವ್ಯಾಪಾರ. ಸುತ್ತಲಿನ ಅಂಗಡಿಗಳಿಂದ ದಿನಕ್ಕೆ ಸುಮಾರು 120 ಆರ್ಡರ್ ವಾಟ್ಸ್‌ಆ್ಯಪ್‌ನಲ್ಲೇ ಬರುತ್ತವೆ. ಕೆಲವರು ಟೈಪ್ ಮಾಡುತ್ತಾರೆ, ಕೆಲವರು ಚೀಟಿಯ ಫೋಟೊ ಹಾಕುತ್ತಾರೆ, ಉಳಿದವರದು ವಾಯ್ಸ್ ಮೆಸೇಜ್. ಇಬ್ಬರು ಹುಡುಗರು ಕೂತು ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಗೆ ಏರಿಸುತ್ತಾರೆ. ಇದನ್ನೆಲ್ಲ ಎಐ ಮಾಡುತ್ತದೆ, ವರ್ಷಕ್ಕೆ 3 ಲಕ್ಷ ಎಂದು ಒಂದು ಕಂಪನಿಯವರು ಬಂದಿದ್ದಾರೆ. ಒಪ್ಪಬಹುದೇ?

ಉತ್ತರ: ಕೆಲಸದ ಆಯ್ಕೆ ಸರಿಯಾಗಿದೆ. ದಿನವೂ ಒಂದೇ ರೀತಿ ನಡೆಯುವ ಕೆಲಸ, ತಪ್ಪಾದರೂ ಮಾಲು ಲೋಡ್ ಆಗುವ ಮುಂಚೆ ಹಿಡಿಯಬಹುದು. ಆದರೆ ಅಡ್ವಾನ್ಸ್ ಈಗಲೇ ಕೊಡಬೇಡಿ.

ಮೊದಲು ಒಂದು ವಾರ ಅಳತೆ ಮಾಡಿ. ಒಂದು ಆರ್ಡರ್ ಏರಿಸಲು 4 ನಿಮಿಷ ಹಿಡಿದರೆ 120ಕ್ಕೆ 8 ಗಂಟೆ. ಎಐ ಬರೆದದ್ದನ್ನೂ ಒಬ್ಬರು ನೋಡಿ ಒಪ್ಪಬೇಕು. ಆ ನೋಟಕ್ಕೆ ಒಂದೂವರೆ ನಿಮಿಷ ಸಾಕಾದರೆ ದಿನಕ್ಕೆ 5 ಗಂಟೆ ಉಳಿಯುತ್ತದೆ. ಮೂರೂವರೆ ನಿಮಿಷ ಬೇಕಾದರೆ ಉಳಿಯುವುದು ಬರೀ ಒಂದು ಗಂಟೆ, ಅದಕ್ಕೆ 3 ಲಕ್ಷ ಕೊಡುವುದು ದಂಡ.

ಮುಂದಿನದು ಐಟಂ ಪಟ್ಟಿ. ಹೆಚ್ಚಿನ ಕಡೆ ಕೆಲಸ ಕೆಡುವುದು ಇಲ್ಲೇ. ‘90 ಎಂಎಂ 6 ಕೆಜಿ 20 ಲೆಂತ್’ ಎಂದು ಬಂದರೆ, 6 ಕೆಜಿ ಎಂಬುದು ಪೈಪ್ ತಾಳುವ ಒತ್ತಡ, ತೂಕವಲ್ಲ ಎಂದು ನಿಮ್ಮ ಹುಡುಗರಿಗೆ ಗೊತ್ತು. ‘ಒಂದಿಂಚು ಎಲ್ಬೋ 2 ಡಜನ್’ ಎಂದರೆ ತಣ್ಣೀರಿನ ಯುಪಿವಿಸಿಯೋ ಬಿಸಿನೀರಿಗೂ ತಾಳುವ ಸಿಪಿವಿಸಿಯೋ ಎಂಬುದನ್ನು ಆ ಅಂಗಡಿಯವರ ಹಿಂದಿನ ಆರ್ಡರ್ ನೋಡಿ ತಿಳಿಯುತ್ತಾರೆ. ‘ಒಂದೂವರೆ ಹತ್ತು’ ಎಂದು ವಾಯ್ಸ್‌ನಲ್ಲಿ ಕೇಳಿದರೆ ಒಂದೂವರೆ ಇಂಚಿನದು ಹತ್ತು ಪೀಸ್. ಈ ತಿಳಿವಳಿಕೆ ಟ್ಯಾಲಿಯಲ್ಲಿಲ್ಲ, ಅವರ ತಲೆಯಲ್ಲಿದೆ. ಹಾಗಾಗಿ ಪ್ರತಿ ಐಟಂ ಎದುರು ಅಂಗಡಿಯವರು ಕರೆಯುವ ಹೆಸರುಗಳು, ಅಳತೆ, ಒತ್ತಡ, ಬಾಕ್ಸ್‌ಗೆ ಎಷ್ಟು ಪೀಸ್ ಎಂಬುದನ್ನು ನಿಮ್ಮ ಹುಡುಗರಿಂದಲೇ ಬರೆಸಿ. ಒಂದೇ ಮಾಲು ಎರಡು ಹೆಸರಿನಲ್ಲಿದ್ದರೆ ಒಂದನ್ನು ತೆಗೆಸಿ. ಹೆಚ್ಚು ಓಡುವ 300 ಐಟಂಗಳಿಂದ ಶುರುವಾದರೆ ಸಾಕು.

ಬಳಿಕ ಸೀಸನ್ ತಿಂಗಳ 200 ಹಳೆಯ ಆರ್ಡರ್ ಆರಿಸಿಕೊಳ್ಳಿ. ಟೈಪ್ ಮಾಡಿದ್ದು, ಫೋಟೊ, ವಾಯ್ಸ್ ಮೂರೂ ಇರಲಿ, ಸರಿಯುತ್ತರವೂ ನಿಮ್ಮ ಬಳಿ ಇರಲಿ. ಅಂಗಡಿಯವರ ಹೆಸರು, ಫೋನ್ ನಂಬರ್ ಅಳಿಸಿ 100 ಆರ್ಡರ್ ಕಂಪನಿಗೆ ಕೊಡಿ, ಅವರು ತಮ್ಮ ವ್ಯವಸ್ಥೆಯನ್ನು ಹೊಂದಿಸಿಕೊಳ್ಳಲಿ. ಉಳಿದ 100ನ್ನು ಪರೀಕ್ಷೆಯ ದಿನದವರೆಗೆ ತೋರಿಸಬೇಡಿ. ಡೆಮೊದಲ್ಲಿ ಎಲ್ಲವೂ ಚೆಂದ ಕಾಣುತ್ತದೆ, ಮುಚ್ಚಿಟ್ಟ ನೂರರಲ್ಲಿ ಬರುವ ಫಲಿತಾಂಶವೇ ನಿಜವಾದದ್ದು.

‘ನೂರಕ್ಕೆ 95 ಸರಿ’ ಎಂಬ ಮಾತಿಗೆ ಮರುಳಾಗಬೇಡಿ. ಅದು ಸಾಲಿನ (ಆರ್ಡರ್‌ನ ಒಂದೊಂದು ಐಟಂನ) ಲೆಕ್ಕವೋ ಇಡೀ ಆರ್ಡರ್ ಲೆಕ್ಕವೋ ಕೇಳಿ. ಸಾಲಿನ ಲೆಕ್ಕವಾಗಿದ್ದು, ಸರಾಸರಿ ಆರ್ಡರ್‌ಗೆ 6 ಸಾಲು, ತಪ್ಪುಗಳು ಅಲ್ಲಲ್ಲಿ ಚದುರಿ ಬೀಳುತ್ತವೆ ಎಂದಿಟ್ಟುಕೊಂಡರೆ, 120ರಲ್ಲಿ ಸುಮಾರು 30 ಆರ್ಡರ್‌ಗಳಲ್ಲಿ ಒಂದಾದರೂ ತಪ್ಪು ಇರುತ್ತದೆ. ಅರ್ಥವಾಗದ ಸಾಲಿಗೆ ಕೆಂಪು ಗುರುತು ಹಾಕಿ ‘ತಿಳಿಯಲಿಲ್ಲ’ ಎನ್ನುವ ವ್ಯವಸ್ಥೆಯೇ ಮೇಲು. ಊಹೆ ಮಾಡಿ ತುಂಬಿಸುವುದು ಅಪಾಯ, ಏಕೆಂದರೆ ಅದು ನೋಡುವವರ ಕಣ್ಣಿಗೆ ಬೀಳುವುದಿಲ್ಲ.

ಪಾಸಾದರೆ ಟೈಪ್ ಮಾಡಿದ ಆರ್ಡರ್‌ಗಳಿಂದ ಮಾತ್ರ ಆರಂಭಿಸಿ, ಮೂರು ವಾರದ ನಂತರ ಫೋಟೊ, ಕಡೆಗೆ ವಾಯ್ಸ್. ಎಐ ಡ್ರಾಫ್ಟ್ ಮಾಡಲಿ, ಟ್ಯಾಲಿಯಲ್ಲಿ ಸೇವ್ ಒತ್ತುವುದು ನಿಮ್ಮ ಹುಡುಗರೇ ಆಗಿರಲಿ. ಕರೆಂಟೋ ನೆಟ್ಟೋ ಹೋದ ದಿನ ಹಳೆಯ ಪದ್ಧತಿ ನಡೆಯಬೇಕಲ್ಲ, ಅದಕ್ಕೂ ಅವರೇ ಬೇಕು. ಬೇಸಿಗೆಯಲ್ಲಿ, ಬೋರ್‌ವೆಲ್ ಕೆಲಸದ ಭರಾಟೆಯ ನಡುವೆ ಖಂಡಿತ ಶುರು ಮಾಡಬೇಡಿ.

ಕರಾರಿನಲ್ಲಿ ಎರಡು ತಿಂಗಳ ಪ್ರಯೋಗ ಕೇಳಿ, ವರ್ಷದ ದುಡ್ಡು ಆಮೇಲೆ. 3 ಲಕ್ಷದ ಮೇಲೆ ಜಿಎಸ್‌ಟಿ ಬೇರೆಯೇ, ಮೆಸೇಜ್ ಹೆಚ್ಚಾದರೆ ಹೆಚ್ಚು ಚಾರ್ಜ್ ಇದೆಯೇ, ಬಿಟ್ಟು ಹೊರಟರೆ ಐಟಂ ಪಟ್ಟಿ ಎಕ್ಸೆಲ್‌ನಲ್ಲಿ ವಾಪಸ್ ಸಿಗುತ್ತದೆಯೇ ಎಂಬುದು ಬರಹದಲ್ಲಿರಲಿ.

ಪ್ರಶ್ನೆ: ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಬಾಕಿದಾರರ ಲೆಡ್ಜರ್ ಅನ್ನು ಉಚಿತ ಚಾಟ್‌ಜಿಪಿಟಿಗೆ ಹಾಕಿ ವಸೂಲಿ ಪತ್ರ ಬರೆಸಬಹುದೇ? ಗಿರಾಕಿಗಳಿಗೆ ರೇಟ್ ಹೇಳಲು ಬಾಟ್ (ಮೆಸೇಜ್‌ಗೆ ತಾನೇ ಉತ್ತರಿಸುವ ಪ್ರೋಗ್ರಾಂ) ಇಡಬಹುದೇ?

ಉತ್ತರ: ಲೆಡ್ಜರ್ ಹಾಕಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಗಿರಾಕಿಯ ಮಾಹಿತಿ ಕಾಪಾಡುವ ಹೊಣೆ ವ್ಯವಹಾರದ್ದೇ, ಬೇರೆಯವರ ಸೇವೆ ಬಳಸಿದರೂ ಹೊಣೆ ಜಾರುವುದಿಲ್ಲ. ಹೆಸರು, ಫೋನ್, ಮೊತ್ತದ ಜಾಗ ಖಾಲಿ ಬಿಟ್ಟು ಪತ್ರದ ಮಾದರಿ ಬರೆಸಿಕೊಳ್ಳಿ. ಪಟ್ಟಿಯಲ್ಲಿರುವುದನ್ನು ಒಂದೊಂದು ಪತ್ರಕ್ಕೂ ಸೇರಿಸುವ ವರ್ಡ್‌ನ ಮೇಲ್ ಮರ್ಜ್‌ನಲ್ಲಿ ಅವನ್ನು ನೀವೇ ತುಂಬಿ.

ಬಾಟ್ ವಿಷಯದಲ್ಲಿ ವಿಮಾನ ಕಂಪನಿ ಏರ್ ಕೆನಡಾದ ಪ್ರಕರಣ ನೆನಪಿರಲಿ. ಮರಣದ ಸಂದರ್ಭದ ರಿಯಾಯಿತಿ ಟಿಕೆಟ್ ಬಗ್ಗೆ ಅದರ ಬಾಟ್ ತಪ್ಪು ಹೇಳಿತು. 2024ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನ್ಯಾಯಮಂಡಳಿ ಕಂಪನಿಯನ್ನೇ ಹೊಣೆ ಮಾಡಿ ಪರಿಹಾರ ಕೊಡಿಸಿತು. ರೇಟ್, ಡಿಸ್ಕೌಂಟ್, ಡೆಲಿವರಿ ದಿನ ಕೇಳಿದರೆ ನಿಮ್ಮ ಬಾಟ್ ಸ್ವಂತ ಉತ್ತರ ಕಟ್ಟದೆ ಕೌಂಟರ್‌ನವರಿಗೆ ದಾಟಿಸಲಿ. ಅಂಗಡಿ ಸಮಯ, ವಿಳಾಸ, ಬಿಲ್ ಕಾಪಿಯಂಥವನ್ನು ಅದಕ್ಕೇ ಬಿಡಬಹುದು.