ಪಿಎಚ್‌.ಡಿ. ಪುಸ್ತಕ ಆಗಬೇಕಾ? ಮೊದಲು ಕದಂಬರನ್ನು ತೆಗೆಯಿರಿ

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. 'ಸರ್, ನನ್ನ ಪಿಎಚ್‌.ಡಿ. ಪ್ರಬಂಧವನ್ನು ಪುಸ್ತಕ ಮಾಡಬೇಕು.' ಮಾಡಿ, ಯಾರು ಬೇಡ ಅಂದರು? ಆದರೆ ಪತ್ರ ಪೂರ್ತಿ ಓದಿದರೆ ಗೊತ್ತಾಗುತ್ತದೆ, ಹೆಚ್ಚಿನವರು ಕೇಳುತ್ತಿರುವುದು ರಟ್ಟು ಬದಲಿಸಿದರೆ ಸಾಕಾ ಅಂತ. ಸಾಕಾಗುವುದಿಲ್ಲ. ಮೂವತ್ತು ವರ್ಷ ಕನ್ನಡ ಪಾಠ ಮಾಡಿ, ಈಗ ಶಿರಸಿಯ ಮನೆಯಲ್ಲಿ ಕೂತು ಬೇರೆಯವರ ಹಸ್ತಪ್ರತಿ ತಿದ್ದುತ್ತಿದ್ದೇನೆ. ಹಾಗಾಗಿ ಸ್ವಲ್ಪ ಸಿಡುಕು ಕಂಡರೆ ಸಹಿಸಿಕೊಳ್ಳಿ. ಪ್ರಕಾಶಕರಿಗೆ ಪತ್ರ ಬರೆಯುವುದು ಹೇಗೆ, ಅಡಿಟಿಪ್ಪಣಿ ಎಲ್ಲಿ ಹಾಕಬೇಕು ಅನ್ನುವುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಡಾಕ್ಟರೇಟ್ ಮಾಡಿದವರಿಗೆ ಅಷ್ಟು ಗೊತ್ತಿರಬೇಕು. ಮೊದಲು ನಿಮ್ಮ ಪ್ರಶ್ನೆ, ಅದರ ಕೆಳಗೆ ನನ್ನ ಉತ್ತರ.

ಅಘನಾಶಿನಿ ಅಳಿವೆಯ ಗಜನಿ ಗದ್ದೆ (ಉಪ್ಪುನೀರಿಗೆ ಕಟ್ಟೆ ಹಾಕಿ ಮಾಡಿದ ಗದ್ದೆ) ಮತ್ತು ಅದರಲ್ಲಿ ಬೆಳೆಯುವ ಕಗ್ಗ ಭತ್ತದ ಮೇಲೆ ನನಗೆ 2017ರಲ್ಲಿ ಪಿಎಚ್‌.ಡಿ. ಬಂತು. ಪ್ರಬಂಧ 412 ಪುಟ. ಪ್ರಕಾಶಕರು 200 ಪುಟಕ್ಕೆ ಇಳಿಸಿ ಅನ್ನುತ್ತಾರೆ. ನನಗೆ ಎಲ್ಲವೂ ಮುಖ್ಯ ಅನಿಸುತ್ತದೆ. ಎಲ್ಲಿಂದ ಕಡಿಯಲಿ? ಪ್ರಬಂಧ ಜೊತೆಗಿಟ್ಟಿದ್ದೇನೆ. (ಕುಮಟಾದಿಂದ)

ಮೊದಲ ಪುಟದಿಂದ.

ನಿಮ್ಮ ಪ್ರಬಂಧ ಶುರುವಾಗುವುದು ಹೀಗೆ: 'ಭೌಗೋಳಿಕವಾಗಿ ಉತ್ತರ ಕನ್ನಡ ಜಿಲ್ಲೆಯು ಕರಾವಳಿ, ಮಲೆನಾಡು ಹಾಗೂ ಅರೆಬಯಲುಸೀಮೆಗಳೆಂಬ ಮೂರು ವಿಭಾಗಗಳನ್ನು ಒಳಗೊಂಡಿದ್ದು, ಪ್ರಾಚೀನ ಕಾಲದಿಂದಲೂ ವೈಶಿಷ್ಟ್ಯಪೂರ್ಣವಾದ ಸಾಂಸ್ಕೃತಿಕ ಪರಂಪರೆಯನ್ನು ಹೊಂದಿರುತ್ತದೆ.' ಈ ಜಿಲ್ಲೆಯ ಬಗ್ಗೆ ನಾನು ನೋಡಿದ ಪ್ರಬಂಧಗಳು, ಯಕ್ಷಗಾನದ್ದಿರಲಿ, ಅಡಿಕೆಯದ್ದಿರಲಿ, ಎಲ್ಲ ಇಲ್ಲಿಂದಲೇ ಹೊರಡುತ್ತವೆ. ಮುಂದಿನ ಪುಟದಲ್ಲಿ ಬನವಾಸಿ ಕದಂಬರು ಬರುತ್ತಾರೆ. ಅವರ ಹಿಂದೆ ವಿಜಯನಗರ, ಪೋರ್ಚುಗೀಸರು, ಬ್ರಿಟಿಷರು. 1862ರಲ್ಲಿ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರುವಷ್ಟರಲ್ಲಿ 38 ಪುಟ ಮುಗಿದಿದೆ. ಕಗ್ಗದ ಒಂದು ತೆನೆಯೂ ಇನ್ನೂ ಕಂಡಿಲ್ಲ ಮಾರಾಯ್ರೆ!

ಇದು ನಿಮ್ಮೊಬ್ಬರ ತಪ್ಪಲ್ಲ. ಪರೀಕ್ಷಕರಿಗೆ ಪ್ರಬಂಧ ಓದಲಿಕ್ಕೆ ಗೌರವಧನ ಕೊಡುತ್ತಾರೆ. ನಿಮಗೆ ವಿಷಯ ಗೊತ್ತಿದೆಯಾ ಅಂತ ನೋಡಲಿಕ್ಕೇ ಅವರು ಓದುತ್ತಾರೆ. ಪುಸ್ತಕದ ಓದುಗ ಕೈಯಿಂದ ದುಡ್ಡು ಕೊಟ್ಟು ಓದುತ್ತಾನೆ. ನಿಮ್ಮನ್ನು ಪಾಸು ಮಾಡುವ ಉಸಾಬರಿ ಅವನಿಗೆ ಇಲ್ಲ. ಅದಕ್ಕೇ ಅಧ್ಯಯನದ ಉದ್ದೇಶ, ವ್ಯಾಪ್ತಿ, ಮಿತಿ, ಅಧ್ಯಾಯ ವಿಂಗಡಣೆ ಎಲ್ಲ ಹೊರಗೆ. ಈವರೆಗಿನ ಅಧ್ಯಯನಗಳ ಸಮೀಕ್ಷೆಯಲ್ಲಿ ನೀವು 54 ಜನರನ್ನು ಸಾಲಾಗಿ ನಿಲ್ಲಿಸಿದ್ದೀರಿ. ಅವರಲ್ಲಿ ನಿಮಗೆ ನಿಜವಾಗಿ ಭಿನ್ನಾಭಿಪ್ರಾಯ ಇರುವುದು ಮೂವರ ಜೊತೆ. ಆ ಮೂವರನ್ನು ಜಗಳ ಬರುವ ಜಾಗಕ್ಕೇ ಕರೆದುಕೊಂಡು ಬನ್ನಿ. ಉಳಿದವರು ಗ್ರಂಥಋಣದಲ್ಲಿ ಆರಾಮಾಗಿರಲಿ.

'ಈ ಅಧ್ಯಾಯದಲ್ಲಿ ಇದನ್ನು ಚರ್ಚಿಸಲಾಗುವುದು', 'ಹಿಂದಿನ ಅಧ್ಯಾಯದಲ್ಲಿ ಅದನ್ನು ಚರ್ಚಿಸಲಾಗಿದೆ' ಅನ್ನುವ ಸಾಲುಗಳನ್ನು ಕಂಡಲ್ಲಿ ಹೊಡೆದುಹಾಕಿ. ಕುಮಟಾದಿಂದ ಶಿರಸಿಗೆ ಬರುವಾಗ ದೇವಿಮನೆ ಘಟ್ಟದ ಒಂದೊಂದು ತಿರುವಿಗೂ ಕಂಡಕ್ಟರು 'ಈಗ ತಿರುವು ಬರುತ್ತದೆ, ಈಗ ತಿರುವು ಹೋಯಿತು' ಅಂತ ಕೂಗಿದರೆ ಹೇಗಿರುತ್ತದೆ? ಹಾಗಿದೆ ಅದು.

ಈಗ 237ನೇ ಪುಟ ತೆಗೆಯಿರಿ. ಅಲ್ಲಿ ಒಬ್ಬ ಅಜ್ಜಿಯ ಮಾತಿದೆ. 'ಕಟ್ಟೆ ಒಡೆದರೆ ಒಬ್ಬರ ಗದ್ದೆ ಹೋಗೂದಿಲ್ಲ, ಎಲ್ಲರದ್ದೂ ಹೋಗ್ತದೆ. ಅದಕ್ಕೇ ರಾತ್ರಿ ನೀರು ಏರೂವಾಗ ಕರೀದೇ ಇದ್ರೂ ಎಲ್ಲರೂ ಎದ್ದು ಬರ್ತಿದ್ರು.' ಓದಿ ನಾನು ಪೆನ್ಸಿಲ್ ಕೆಳಗಿಟ್ಟೆ. ಅದರ ಕೆಳಗೆ ನೀವು ಏನು ಬರೆದಿದ್ದೀರಿ ನೋಡಿ: 'ಮೇಲಿನ ಹೇಳಿಕೆಯಿಂದ ಸಾಮುದಾಯಿಕ ಸಹಭಾಗಿತ್ವದ ಪರಿಕಲ್ಪನೆಯು ವ್ಯಕ್ತವಾಗುವುದನ್ನು ಗುರುತಿಸಬಹುದಾಗಿದೆ.' ಉಪ್ಪುನೀರಿಗೂ ಸಾಯದ ಕಗ್ಗವನ್ನು ಇಂಥ ವಾಕ್ಯ ಸಾಯಿಸುತ್ತದೆ. ಅಜ್ಜಿಯ ಮಾತೇ ನಿಮ್ಮ ಪುಸ್ತಕದ ಮೊದಲ ಪುಟ. ಆ ರಾತ್ರಿ, ಆ ಕಟ್ಟೆ, ಏರುತ್ತಿರುವ ನೀರು. ಗಜನಿ ಅಂದರೆ ಏನು, ಒಡ್ಡಿನ ಒಳಗೆ ಭತ್ತ ಹೇಗೆ ಬೆಳೆಯುತ್ತಾರೆ ಅನ್ನುವುದನ್ನು ಅದರ ಜೊತೆಗೇ ಹೇಳಿಬಿಡಿ. ಘಟ್ಟದ ಮೇಲಿನ ನಮ್ಮಲ್ಲೇ ಅರ್ಧ ಜನಕ್ಕೆ ಗಜನಿ ಗೊತ್ತಿಲ್ಲ, ಇನ್ನು ಬೆಂಗಳೂರಿನವರಿಗೆ ಎಲ್ಲಿಂದ ಗೊತ್ತಿರಬೇಕು?

ಆಮೇಲೆ ಕ್ರಮದ ವಿಷಯ. ಮೀನುಪೇಟೆಯಲ್ಲಿ ಪರಿಚಯದವರು ಯಾರೋ 'ಅಷ್ಟು ವರ್ಷ ನೀನು ಓದಿದ್ದು ಎಂತದು?' ಅಂತ ಕೇಳಿದರೆ ಬುಟ್ಟಿ ಕೈಯಲ್ಲಿಟ್ಟುಕೊಂಡು ಏನು ಹೇಳುತ್ತೀರಿ? ಅದನ್ನು ಬರೆದುಕೊಳ್ಳಿ. ನಿಮ್ಮದನ್ನು ನಾನೇ ಹುಡುಕಿದೆ, 391ನೇ ಪುಟದಲ್ಲಿ, ಉಪಸಂಹಾರದ ಮೂಲೆಯಲ್ಲಿ ಸಿಕ್ಕಿತು. ಕಟ್ಟೆ ಕಾಯುವ ಜನ ಮೊದಲು ಹೋದರು, ಆಮೇಲೆ ಭತ್ತ ಹೋಯಿತು ಅನ್ನುತ್ತೀರಿ. ಎಲ್ಲರೂ ಇದನ್ನು ತಿರುಗಾಮುರುಗಾ ಹೇಳುತ್ತಾರೆ. ನಿಮ್ಮ ಹತ್ತಿರ ಊರು ಊರಿನ ಲೆಕ್ಕ ಇದೆ. ಇಷ್ಟು ದೊಡ್ಡ ಮಾತನ್ನು ಕೊನೆಗೆ ಯಾಕೆ ಇಟ್ಟಿರಿ? ಮೊದಲ ಅಧ್ಯಾಯದ ಕೊನೆಗೆ ತನ್ನಿ. ಆಮೇಲೆ ಪ್ರತಿ ಅಧ್ಯಾಯಕ್ಕೂ ಇದಕ್ಕೆ ನೀನು ಏನು ಸಹಾಯ ಮಾಡುತ್ತೀ ಅಂತ ಕೇಳಿ. ಕದಂಬರ ಹತ್ತಿರ ಉತ್ತರ ಇಲ್ಲ. ಗಜನಿಯಲ್ಲಿ ಸಿಗಡಿ ಸಾಕುವುದರ ಬಗ್ಗೆ ಇರುವ ಅಧ್ಯಾಯದ ಹತ್ತಿರ ಇದೆ. ಅದರಲ್ಲಿ 1996ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪನ್ನು ಅಡಿಟಿಪ್ಪಣಿಯಲ್ಲಿ ಹೂತಿಟ್ಟಿದ್ದೀರಿ. ಕರಾವಳಿ ನಿಯಂತ್ರಣ ವಲಯದೊಳಗಿನ ಸಿಗಡಿ ಉದ್ಯಮ ತೆರವು ಮಾಡಿ ಅಂದ ಕೋರ್ಟು, ಸಾಂಪ್ರದಾಯಿಕ ಪದ್ಧತಿಗೆ ವಿನಾಯಿತಿ ಕೊಟ್ಟಿತ್ತು. ಹಾಗಾದರೆ ಗಜನಿಯ ಸಿಗಡಿ ಯಾವ ಲೆಕ್ಕಕ್ಕೆ ಬಂತು? ಊರಿನ ಜಗಳವೇ ಅದು ಅಲ್ವಾ? ಮೇಲೆತ್ತಿ ಅದನ್ನು.

ಕೋಷ್ಟಕ 31 ಇವೆ. 'ಮಾಹಿತಿದಾರರ ವಯೋಮಾನ' ಅನ್ನುವುದಕ್ಕೆ ಬಣ್ಣದ ಚಕ್ರ ಬೇರೆ. ಎರಡು ಇಟ್ಟುಕೊಳ್ಳಿ: ಊರುವಾರು ಗದ್ದೆಯ ಲೆಕ್ಕ ಒಂದು, ಕಟ್ಟೆ ಕೆಲಸಕ್ಕೆ ಬಂದವರ ಲೆಕ್ಕ ಇನ್ನೊಂದು. ಉಳಿದದ್ದು ಒಂದೊಂದು ವಾಕ್ಯದಲ್ಲಿ ಮುಗಿಯುತ್ತದೆ.

ಇನ್ನು ಭಾಷೆ. ನಾಲ್ಕನೇ ಅಧ್ಯಾಯ ಒಂದರಲ್ಲೇ 'ಕಂಡುಬರುತ್ತದೆ' 46 ಸಲ ಬಂದಿದೆ. ಕೂತು ಎಣಿಸಿದೆ, ಮಳೆ ಇತ್ತು, ಬೇರೆ ಕೆಲಸ ಇರಲಿಲ್ಲ. ಯಾರಿಗೆ ಕಂಡುಬಂತು? ನಿಮಗೆ ತಾನೆ? ಮೊಣಕಾಲುದ್ದ ಕೆಸರಲ್ಲಿ ನಿಂತು ನೋಡಿದವರು ನೀವು. 'ನಾನು ನೋಡಿದೆ' ಅಂತ ಬರೆಯಿರಿ. ಸಂಶೋಧಕರು 'ನಾನು' ಅನ್ನಬಾರದು ಅಂತ ನಿಮಗೆ ಯಾರೋ ಹೇಳಿಕೊಟ್ಟಿದ್ದಾರೆ. ಅವರು ಹೇಳಿದ್ದು ವೈವಾಕ್ಕೆ. ವೈವಾ ಮುಗಿಯಿತಲ್ಲ.

ಕೊನೆಗೆ ಒಂದು ತಿರುಗಾಟ. ನಿಮ್ಮ ಕ್ಷೇತ್ರಕಾರ್ಯ ನಿಂತದ್ದು 2016ಕ್ಕೆ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು. ಆ ಪಟ್ಟಿಯಿಂದ ನಿಮ್ಮ ಕಟ್ಟೆಗೆ ಏನಾದರೂ ಆಯಿತಾ, ಇಲ್ಲವಾ? ಅದನ್ನು ಕೇಳದೆ ಹಳೇ ಸಮೀಕ್ಷೆಗೆ 'ಪ್ರಸ್ತುತ' ಅಂತ ಹೆಸರಿಟ್ಟು ಅಚ್ಚು ಹಾಕಿದರೆ ಊರಿನವರೇ ನಗುತ್ತಾರೆ. ಮಳೆ ಹಿಡಿದು ಬಿತ್ತನೆ ಶುರುವಾದ ಮೇಲೆ ಒಂದು ವಾರ ಹೋಗಿ ಬನ್ನಿ. ಹೊಸ ಪ್ರಶ್ನಾವಳಿ ಬೇಡ. ಸುಮ್ನೆ ಕಟ್ಟೆ ಮೇಲೆ ನಡೆದು ಬಂದರೆ ಸಾಕು.

ಪ್ರಕಾಶಕರು 200 ಅಂದದ್ದು ನಿಮ್ಮ ಮೇಲಿನ ಸಿಟ್ಟಿಗಲ್ಲ. ಡೆಮಿ 1/8 ಆಕಾರದಲ್ಲಿ 16 ಪುಟಕ್ಕೆ ಒಂದು ಫಾರಂ, ಅಂದರೆ ಒಟ್ಟಿಗೆ ಅಚ್ಚಾಗುವ ಒಂದು ಹಾಳೆ. 13 ಫಾರಂ ಅಂದರೆ 208 ಪುಟ. ನೀವು 211 ಮಾಡಿದರೆ ಆ ಮೂರು ಪುಟಕ್ಕಾಗಿ ಮತ್ತೆ ಮಶೀನು ಹತ್ತಿಸಬೇಕು. ಹಾಗಾಗಿ 208 ಅಂತಲೇ ಗುರಿ ಇಟ್ಟುಕೊಳ್ಳಿ. ಶೀರ್ಷಿಕೆ ಪುಟ, ಪರಿವಿಡಿ, ಮುನ್ನುಡಿ ಎಲ್ಲ ಸೇರಿ.

ಇಷ್ಟು ಖಾರವಾಗಿ ಹೇಳಲಿಕ್ಕೆ ಕಾರಣ ಇದೆ. ನಾನು ನನ್ನ ಪ್ರಬಂಧವನ್ನು ಒಂದಕ್ಷರ ತಿದ್ದದೆ 500 ಪ್ರತಿ ಹಾಕಿಸಿದವನು. ಖರ್ಚು ನನ್ನದೇ. ನೂರು ಹಂಚಿದೆ. ಉಳಿದದ್ದು ಅಟ್ಟದ ಮೇಲೆ ಅಡಿಕೆ ಚೀಲದ ಪಕ್ಕ ಕೂತಿತು. ಮೂರನೇ ಮಳೆಗಾಲಕ್ಕೆ ಬೂಷ್ಟು ಹಿಡಿಯಿತು. ಆ ಪುಸ್ತಕವನ್ನು ಪೂರ್ತಿ ಓದಿದ್ದು ಪ್ರೂಫ್ ನೋಡಿದ ಹುಡುಗ ಒಬ್ಬನೇ. 'ಸರ್, ಎರಡನೇ ಅಧ್ಯಾಯ ಬೇಕಿತ್ತಾ?' ಅಂತ ಅವನು ಆಗಲೇ ಕೇಳಿದ್ದ. ನಾನು ಅವನಿಗೆ ಬೈದಿದ್ದೆ.

ಹಾಲಕ್ಕಿ ಒಕ್ಕಲಿಗರ ಹಾಡುಗಳ ಮೇಲೆ ನನ್ನ ಪ್ರಬಂಧ. ಹಾಡು ಜನಪದದ್ದು, ಯಾರ ಸೊತ್ತೂ ಅಲ್ಲ. ಹಾಡಿದವರ ಒಪ್ಪಿಗೆ ಬೇಕಾ? ವಕ್ತೃಗಳ ವಿವರದ ಅನುಬಂಧ ಹಾಗೇ ಇಡಲಾ? (ಅಂಕೋಲಾದಿಂದ)

ಒಪ್ಪಿಗೆ ಬೇಕು. ಹಾಡು ಕಟ್ಟಿದವರು ಯಾರೋ ಗೊತ್ತಿಲ್ಲದಿರಬಹುದು, ನಿಮಗೆ ಹಾಡಿದವರು ಯಾರು ಅಂತ ಗೊತ್ತಲ್ಲ? ಹಾಡುವವರಿಗೂ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಹಕ್ಕಿದೆ. ಅದಕ್ಕಿಂತ ಮುಂಚೆ ಮರ್ಯಾದೆ ಅನ್ನುವುದೊಂದಿದೆ. ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದದ್ದು ಹಾಡಿದ್ದಕ್ಕೆ, ಅವರ ಹಾಡು ಬರೆದುಕೊಂಡು ಹೋದವರಿಗೆ ಯಾರೂ ಕೊಡಲಿಲ್ಲ. ಮನೆಗೆ ಹೋಗಿ, ಯಾವ ಹಾಡು ಅಚ್ಚಾಗುತ್ತದೆ ಅಂತ ಓದಿ ಹೇಳಿ, ಹಾಡಿನ ಕೆಳಗೆ ಅವರ ಹೆಸರು ಹಾಕಬಹುದಾ ಅಂತ ಕೇಳಿ. ಪುಸ್ತಕ ಬಂದ ಮೇಲೆ ಪ್ರತಿ ಕೊಡಲಿಕ್ಕೆ ನೀವೇ ಹೋಗಿ, ಪೋಸ್ಟಿನಲ್ಲಿ ಬೇಡ.

ಅನುಬಂಧ ಪೂರ್ತಿ ತೆಗೆಯಿರಿ. ಹೆಸರು, ವಯಸ್ಸು, ಜಾತಿ, ಫೋನ್ ನಂಬರ್ ಎಲ್ಲ ಕೋಷ್ಟಕ ಮಾಡಿಟ್ಟಿದ್ದೀರಿ. ಪರೀಕ್ಷಕರಿಗೆ ಪುರಾವೆ ಬೇಕಿತ್ತು, ಸರಿ. ಪುಸ್ತಕ ಯಾರ ಕೈಗೆ ಹೋಗುತ್ತದೋ ಯಾರಿಗೆ ಗೊತ್ತು? ಈ ವಿಷಯದಲ್ಲಿ ನಾನು ಅತಿ ಮಾಡುತ್ತೇನೆ ಅಂತ ಹೇಳುವವರಿದ್ದಾರೆ. ಹೇಳಲಿ.

ಹೊರದೇಶದ ಪ್ರಕಾಶಕರಿಂದ ಮೇಲ್ ಬಂದಿದೆ. 'ನಿಮ್ಮ ಅಮೂಲ್ಯ ಪ್ರಬಂಧ ನೋಡಿದೆವು, ಉಚಿತವಾಗಿ ಪ್ರಕಟಿಸುತ್ತೇವೆ' ಎಂದಿದ್ದಾರೆ. ಒಪ್ಪಲೇ? (ಕಾರವಾರದಿಂದ)

ಬೇಡ. ನೋಡಿದ್ದು ಅವರಲ್ಲ, ಅವರ ಕಂಪ್ಯೂಟರು. ಪಿಎಚ್‌.ಡಿ. ಪ್ರಬಂಧಗಳನ್ನು ಇಡುವ ಶೋಧಗಂಗಾ ಜಾಲತಾಣದಲ್ಲಿ ನಿಮ್ಮ ಹೆಸರು, ಶೀರ್ಷಿಕೆ ಎಲ್ಲರಿಗೂ ಕಾಣುತ್ತದೆ. ಅಲ್ಲಿಂದ ಎತ್ತಿಕೊಂಡು ಊರೆಲ್ಲ ಅದೇ ಮೇಲ್ ಕಳಿಸುತ್ತಾರೆ. ನೀವು ಕೊಟ್ಟ ಫೈಲಿನ ಒಂದು ಕಾಗುಣಿತವನ್ನೂ ಯಾರೂ ತಿದ್ದುವುದಿಲ್ಲ. ಬೆಲೆ ಯೂರೋದಲ್ಲಿ ಇಡುತ್ತಾರೆ, ನಿಮ್ಮ ಅಣ್ಣನೂ ಕೊಳ್ಳುವುದಿಲ್ಲ. ಹಕ್ಕು ಮಾತ್ರ ಬರೆಸಿಕೊಂಡಿರುತ್ತಾರೆ. ಆಮೇಲೆ ಧಾರವಾಡದ ಒಳ್ಳೇ ಪ್ರಕಾಶಕರೊಬ್ಬರು ಕೇಳಿದಾಗ ಕೊಡಲಿಕ್ಕೆ ನಿಮ್ಮ ಹತ್ತಿರ ಏನೂ ಇರುವುದಿಲ್ಲ. ನಮ್ಮಲ್ಲೂ ಇದ್ದಾರೆ ಇಂಥವರು, 'ಪ್ರಬಂಧ ಕೊಡಿ, 15 ದಿನದಲ್ಲಿ ಪುಸ್ತಕ, ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಸಮೇತ' ಅಂತ ವಾಟ್ಸಾಪ್ ಮಾಡುವವರು. ನಾಟಿ ವೈದ್ಯರಾದರೂ ನಾಡಿ ಹಿಡಿದು ನೋಡುತ್ತಾರೆ, ಇವರು ಅದೂ ಮಾಡುವುದಿಲ್ಲ.

ಐಎಸ್‌ಬಿಎನ್ ಪಡೆಯಲು ಎಷ್ಟು ಖರ್ಚು? ಅದಿದ್ದರೆ ಪುಸ್ತಕದ ಗುಣಮಟ್ಟಕ್ಕೆ ಮಾನ್ಯತೆ ಸಿಕ್ಕ ಹಾಗೆ ಅಲ್ಲವೇ? (ಭಟ್ಕಳದಿಂದ)

ಭಾರತದಲ್ಲಿ ಅದು ಉಚಿತ. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಕೊಡುತ್ತದೆ. ಇನ್ನು ಗುಣಮಟ್ಟ: ನಂಬರ್ ಪ್ಲೇಟ್ ನೋಡಿ ಗಾಡಿಯ ಇಂಜಿನ್ ಚೆನ್ನಾಗಿದೆ ಅನ್ನುತ್ತೀರಾ?

'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿಸಿದ ಪ್ರಬಂಧವನ್ನು ಯೂನಿಕೋಡ್‌ಗೆ ಬದಲಿಸಿದೆ. ಇನ್ನೊಮ್ಮೆ ಪ್ರೂಫ್ ನೋಡಬೇಕೇ? (ಯಲ್ಲಾಪುರದಿಂದ)

ನೋಡದೆ ಕಳಿಸಿದರೆ ನಾನೇ ವಾಪಸ್ ಕಳಿಸುತ್ತೇನೆ. ಅರ್ಕಾವತ್ತು, ಒತ್ತಕ್ಷರ, ಅಂಕಿಗಳ ಮೇಲೆ ಕಣ್ಣಿಡಿ. ಕೋಷ್ಟಕ ಮತ್ತು ಇಂಗ್ಲಿಷ್ ಹೆಸರು ಬಂದ ಕಡೆ ಎರಡು ಸಲ ನೋಡಿ. ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಹಳೇ ಪ್ರತಿ ಹಿಡಿದು ಕೂರಬೇಕು. ಪರದೆಯ ಮೇಲೆ ಒಬ್ಬರೇ ನೋಡಿದರೆ ಕಣ್ಣು ಮೋಸ ಮಾಡುತ್ತದೆ, ಬರೆದದ್ದನ್ನು ಬಿಟ್ಟು ಬರೆಯಬೇಕೆಂದಿದ್ದನ್ನು ಓದುತ್ತದೆ.

ಗೈಡ್ ತಮ್ಮ ಹೆಸರನ್ನೂ ಲೇಖಕರಾಗಿ ಹಾಕಿ ಎನ್ನುತ್ತಿದ್ದಾರೆ. (ಹೆಸರು, ಊರು ಬೇಡ)

ಬರೆದಿದ್ದರೆ ಹಾಕಿ. ಬರೆದಿಲ್ಲದಿದ್ದರೆ ಕೃತಜ್ಞತೆಯ ಮೊದಲ ಸಾಲು ಕೊಡಿ, ಅಷ್ಟೇ.

ಬಡ್ತಿಗೆ ಪುಸ್ತಕದ ಅಂಕ ಬೇಕು. ಎರಡು ತಿಂಗಳಲ್ಲಿ ಆಗುತ್ತದೆಯೇ? (ದಾಂಡೇಲಿಯಿಂದ)

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಲ್ಲಿ ರಾಷ್ಟ್ರೀಯ ಪ್ರಕಾಶಕರ ಪುಸ್ತಕಕ್ಕೆ 10 ಅಂಕ. ನಿಮಗೆ ಬೇಕಾದದ್ದು ಆ 10, ಪುಸ್ತಕ ಅಲ್ಲ. ಈ ಅಂಕಣದಲ್ಲಿ ಅದು ಸಿಗುವುದಿಲ್ಲ.

ಮುನ್ನುಡಿ, ಬೆನ್ನುಡಿ, ಶುಭಹಾರೈಕೆ ಎಲ್ಲ ಸೇರಿ ಆರು ಜನ ಹಿರಿಯರನ್ನು ಕೇಳಿದ್ದೇನೆ. ಇಬ್ಬರದ್ದು ಇನ್ನೂ ಬಂದಿಲ್ಲ. ಶಿರಸಿ ಮಾರಿಕಾಂಬಾ ಜಾತ್ರೆಯ ಹೊತ್ತಿಗೆ ಬಿಡುಗಡೆ ಮಾಡುವ ಆಸೆ. ಏನು ಮಾಡಲಿ? (ಸಿದ್ದಾಪುರದಿಂದ)

ಆ ಇಬ್ಬರನ್ನು ಬಿಡಿ. ಬಂದ ನಾಲ್ಕರಲ್ಲಿ ಮೂರನ್ನೂ ಬಿಡಿ. ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಈ ಸಲ ಆಗದಿದ್ದರೆ ಮುಂದಿನ ಸಲ, ದೇವಿ ಎಲ್ಲಿಗೂ ಹೋಗುವುದಿಲ್ಲ.