ರಿಕವರಿ ಕೊಠಡಿಯ ಸದ್ದು, ಸಿಬ್ಬಂದಿಯ ದಣಿವು

ಪ್ರಶ್ನೆ: ನಾನು ಶಸ್ತ್ರಚಿಕಿತ್ಸೆ ಮುಗಿಸಿ ಬಂದ ರೋಗಿಗಳನ್ನು ನೋಡಿಕೊಳ್ಳುವ ರಿಕವರಿ ಕೊಠಡಿಯಲ್ಲಿ ನರ್ಸ್ ಆಗಿದ್ದೇನೆ. ಪಾಳಿ ಮುಗಿಸಿ ಮನೆಗೆ ಬಂದ ಮೇಲೂ ಮಾನಿಟರುಗಳ ಸದ್ದು ತಲೆಯೊಳಗೆ ಗುಂಯ್‌ಗುಡುತ್ತಿರುತ್ತದೆ, ಸಣ್ಣ ಮಾತಿಗೂ ರೇಗುತ್ತೇನೆ. ಇತ್ತೀಚೆಗೆ ಅಲಾರಂ ಹೊಡೆದುಕೊಂಡರೂ ಕೆಲವೊಮ್ಮೆ ತಕ್ಷಣ ತಿರುಗಿ ನೋಡುವುದಿಲ್ಲವೆಂಬುದು ಗಮನಕ್ಕೆ ಬಂದು ಹೆದರಿಕೆಯಾಗಿದೆ. ಹಿರಿಯರು “ಅಭ್ಯಾಸವಾಗುತ್ತದೆ ಬಿಡಿ” ಎನ್ನುತ್ತಾರೆ. ನನ್ನ ಕಿವಿ ಕೆಡುತ್ತಿದೆಯೇ, ಅಥವಾ ನಾನೇ ಈ ಕೆಲಸಕ್ಕೆ ತಕ್ಕವಳಲ್ಲವೇ?

ಉತ್ತರ: ಮೊದಲು ಕಿವಿಯ ವಿಷಯ. ದಿನಕ್ಕೆ 8 ಗಂಟೆಯಂತೆ 85 ಡೆಸಿಬೆಲ್ ಅಥವಾ ಅದಕ್ಕಿಂತ ಹೆಚ್ಚಿನ ಸದ್ದಿನಲ್ಲಿ ವರ್ಷಗಟ್ಟಲೆ ದುಡಿಯುವವರ ಶ್ರವಣಶಕ್ತಿಗೆ ಅಪಾಯವಿದೆ ಎಂದು ಔದ್ಯೋಗಿಕ ಆರೋಗ್ಯ ತಜ್ಞರು ಪರಿಗಣಿಸುತ್ತಾರೆ. ರಿಕವರಿ ಕೊಠಡಿಯ ಸರಾಸರಿ ಸದ್ದು ಸಾಮಾನ್ಯವಾಗಿ ಈ ಮಟ್ಟವನ್ನು ಮುಟ್ಟುವುದಿಲ್ಲವಾದ್ದರಿಂದ ನಿಮ್ಮ ಕಿವಿ ಕೆಡುತ್ತಿರುವ ಸಂಭವ ಕಡಿಮೆ. ಆದರೂ ಆ ಗುಂಯ್‌ಗುಡುವಿಕೆ ರಜೆಯ ದಿನಗಳಲ್ಲಿಯೂ ನಿಲ್ಲದಿದ್ದರೆ ಕಿವಿ, ಮೂಗು, ಗಂಟಲು ತಜ್ಞರಲ್ಲಿ ಶ್ರವಣ ಪರೀಕ್ಷೆ ಮಾಡಿಸಿಕೊಳ್ಳಿ.

ಆದರೆ ಕಿವಿಗೆ ಹಾನಿಯಿಲ್ಲವೆಂದ ಮಾತ್ರಕ್ಕೆ ಸದ್ದಿನಿಂದ ಹಾನಿಯೇ ಇಲ್ಲವೆಂದಲ್ಲ. ರೋಗಿಗಳಿಗೆ ಚಿಕಿತ್ಸೆ ನಡೆಯುವ ಕೋಣೆಗಳಲ್ಲಿ ಸದ್ದು ಸರಾಸರಿ 35 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಮಾರ್ಗಸೂಚಿ ಕೊಟ್ಟಿತ್ತು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಸಂಶೋಧಕರು 2005ರಲ್ಲಿ ಅದುವರೆಗಿನ ಅಳತೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಆಸ್ಪತ್ರೆಗಳ ಹಗಲಿನ ಸದ್ದು 1960ರ ಸುಮಾರಿಗೆ 57 ಡೆಸಿಬೆಲ್ ಇದ್ದದ್ದು 72ಕ್ಕೆ ಏರಿರುವುದು ಕಂಡುಬಂತು. ಡೆಸಿಬೆಲ್ ಲೆಕ್ಕದಲ್ಲಿ 10ರಷ್ಟು ಏರಿಕೆಯೆಂದರೆ ಧ್ವನಿಶಕ್ತಿ ಹತ್ತು ಪಟ್ಟಾಗುತ್ತದೆ, ಕಿವಿಗೆ ಸದ್ದು ಸುಮಾರು ಎರಡು ಪಟ್ಟು ಜೋರಾಗಿ ಕೇಳುತ್ತದೆ. ಆದ್ದರಿಂದ 15ರ ಏರಿಕೆಯನ್ನು ಅಲ್ಪವೆಂದು ತಳ್ಳಿಹಾಕುವಂತಿಲ್ಲ.

ರಿಕವರಿ ಕೊಠಡಿಯಲ್ಲಿ ಇದಕ್ಕೆ ವಿಶೇಷ ತೂಕವಿದೆ, ಏಕೆಂದರೆ ಅಲ್ಲಿ ನರ್ಸ್‌ನ ಕಿವಿಯೂ ಒಂದು ಉಪಕರಣವೇ. ಅರಿವಳಿಕೆಯಿಂದ ಇನ್ನೂ ಪೂರ್ತಿ ಎಚ್ಚರಗೊಳ್ಳದ ರೋಗಿಯ ನಾಲಿಗೆ ಹಿಂದಕ್ಕೆ ಜಾರಿದಾಗ ಬರುವ ಗೊರಕೆಯಂಥ ಸದ್ದು, ಧ್ವನಿಪೆಟ್ಟಿಗೆ ಬಿಗಿದುಕೊಂಡಾಗ ಉಸಿರಿನಲ್ಲಿ ಕೇಳಿಸುವ ಕೀರಲು, ರಕ್ತದಲ್ಲಿ ಆಮ್ಲಜನಕ ಇಳಿದಂತೆಲ್ಲ ತಗ್ಗುತ್ತ ಹೋಗುವ ಪಲ್ಸ್ ಆಕ್ಸಿಮೀಟರಿನ ಸ್ವರ, ಇವೆಲ್ಲ ಪರದೆಯ ಮೇಲಿನ ಅಂಕಿಗಳನ್ನು ನೋಡುವ ಮೊದಲೇ ನಿಮ್ಮನ್ನು ಎಚ್ಚರಿಸುತ್ತವೆ. ಪಕ್ಕದ ಹಾಸಿಗೆಯಲ್ಲಿ ಕಫ ಹೀರಿ ತೆಗೆಯುವ ಸಕ್ಷನ್ ಯಂತ್ರ, ಟ್ರಾಲಿಯ ಗಡಗಡ, ಫೋನು ಮತ್ತು ಮಾತುಕತೆ ಸೇರಿ ಈ ಸೂಕ್ಷ್ಮ ಸದ್ದುಗಳನ್ನು ಮುಚ್ಚಿಹಾಕುತ್ತವೆ; ಅವುಗಳನ್ನು ಹೆಕ್ಕಿ ತೆಗೆಯಲು ನಿಮ್ಮ ಮಿದುಳು ಪಾಳಿಯುದ್ದಕ್ಕೂ ಹೆಣಗುತ್ತಿರುತ್ತದೆ. ಮನೆಗೆ ಹೊತ್ತುತರುವ ಸಿಡುಕಿಗೆ ಮುಖ್ಯ ಕಾರಣ ಈ ಹೆಣಗಾಟವೇ ಎಂಬುದು ನನ್ನ ಅಭಿಪ್ರಾಯ. ಮಕ್ಕಳ ತೀವ್ರ ನಿಗಾ ಘಟಕವೊಂದರಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸದ್ದು ಏರಿದಂತೆ ನರ್ಸ್‌ಗಳ ಹೃದಯಬಡಿತವೂ ಹೆಚ್ಚಿದ್ದು ದಾಖಲಾಗಿದೆ. ಸದ್ದಿನಿಂದ ಹುಟ್ಟುವ ಒತ್ತಡಕ್ಕೂ ನರ್ಸ್‌ಗಳು ಕೆಲಸದಲ್ಲಿ ಬಳಲಿ ಬತ್ತಿಹೋಗುವುದಕ್ಕೂ ಸಂಬಂಧವಿರುವುದನ್ನು ಸಂಶೋಧಕರು 1988ರಲ್ಲೇ ಗುರುತಿಸಿದ್ದರು.

ಇನ್ನು ಅಲಾರಂ ಹೊಡೆದರೂ ತಿರುಗಿ ನೋಡದಿರುವ ವಿಚಾರ. ಇದನ್ನು ತಜ್ಞರು ಅಲಾರಂ ದಣಿವು ಎಂದು ಕರೆಯುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಐದು ತೀವ್ರ ನಿಗಾ ಘಟಕಗಳನ್ನು 31 ದಿನ ಗಮನಿಸಿ 2014ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಅಲ್ಲಿನ ಮಾನಿಟರುಗಳು 25 ಲಕ್ಷಕ್ಕೂ ಹೆಚ್ಚು ಅಲಾರಂ ದಾಖಲಿಸಿದ್ದವು. ಅವುಗಳಲ್ಲಿ ಕಿವಿಗೆ ಕೇಳುವಂಥವೇ ಹಾಸಿಗೆಯೊಂದಕ್ಕೆ ದಿನಕ್ಕೆ 187 ಇದ್ದವು. ಹೃದಯಬಡಿತ ಏರುಪೇರಾಗಿದೆಯೆಂದು ಕೂಗಿದವುಗಳಲ್ಲಿ ತಜ್ಞರು ಪರಿಶೀಲಿಸಿದವನ್ನು ನೋಡಿದರೆ, ಶೇಕಡ 88.8ರಷ್ಟು ಸುಳ್ಳು. ಹತ್ತರಲ್ಲಿ ಒಂಬತ್ತು ಸಲ ಸುಳ್ಳು ಹೇಳುವ ಯಂತ್ರವನ್ನು ಮನಸ್ಸು ಕ್ರಮೇಣ ನಂಬುವುದನ್ನು ಬಿಡುತ್ತದೆ; ಎಷ್ಟೇ ನಿಷ್ಠೆಯಿಂದ ದುಡಿಯುವವರಿಗೂ ಇದು ತಪ್ಪಿದ್ದಲ್ಲ. ಪರಿಣಾಮ ಮಾತ್ರ ಘೋರವಾದೀತು: ಅಲಾರಂಗೆ ಸಂಬಂಧಿಸಿದ 98 ಅವಘಡಗಳು, ಅವುಗಳಲ್ಲಿ 80 ಸಾವುಗಳು, 2009ರ ಜನವರಿಯಿಂದ 2012ರ ಜೂನ್‌ವರೆಗೆ ತನಗೆ ವರದಿಯಾಗಿದ್ದವೆಂದು ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಜಾಯಿಂಟ್ ಕಮಿಷನ್ 2013ರಲ್ಲಿ ಎಚ್ಚರಿಸಿತು. ಆದ್ದರಿಂದ ನಿಮ್ಮ ಹೆದರಿಕೆ ಸರಿಯಾದದ್ದೇ, ನಿಮ್ಮ ಯೋಗ್ಯತೆಯ ಬಗೆಗಿನ ಅನುಮಾನ ಮಾತ್ರ ಅನಗತ್ಯ. “ಅಭ್ಯಾಸವಾಗುತ್ತದೆ” ಎಂಬ ಮಾತನ್ನು ಒಪ್ಪಬೇಡಿ. ಅಲಾರಂ ಅಭ್ಯಾಸವಾಗಿಬಿಡುವುದೇ ಇಲ್ಲಿನ ಅಪಾಯ. ಯಾವ ಹಾಸಿಗೆಯ ಯಾವ ಅಲಾರಂ ಎಷ್ಟು ಸಲ ಸುಮ್ಮನೆ ಕೂಗಿತೆಂದು ಒಂದು ಪಾಳಿಯಲ್ಲಿ ಬರೆದಿಟ್ಟು ಮೇಲಿನವರ ಮುಂದಿಡಿ. ದೂರಿಗಿಂತ ಅಂತಹ ಪಟ್ಟಿಗೆ ಬೆಲೆ ಹೆಚ್ಚು.

ಪ್ರಶ್ನೆ: ನಮ್ಮ ಘಟಕದ ಉಸ್ತುವಾರಿ ನನ್ನದು. “ನಿಶ್ಶಬ್ದವಾಗಿರಿ” ಎಂಬ ಫಲಕ ಹಾಕಿದೆವು, ಸಿಬ್ಬಂದಿಗೆ ತಿಳಿಹೇಳಿದೆವು. ಕೆಲವು ದಿನ ತಗ್ಗಿದ ಗಲಾಟೆ ಮತ್ತೆ ಮೊದಲಿನಂತಾಗಿದೆ. ಏನು ಮಾಡಬಹುದು?

ಉತ್ತರ: ಫಲಕದಿಂದ ಹೆಚ್ಚು ನಿರೀಕ್ಷಿಸಬೇಡಿ. ಸುತ್ತ ಸದ್ದಿದ್ದರೆ ಮನುಷ್ಯ ತನಗರಿವಿಲ್ಲದೆಯೇ ದನಿ ಏರಿಸುತ್ತಾನೆ, ಅದನ್ನು ಮೀರಲು ಪಕ್ಕದವರೂ ಏರಿಸುತ್ತಾರೆ. ಗಟ್ಟಿ ಗೋಡೆ, ಗಟ್ಟಿ ಚಾವಣಿ, ನುಣುಪು ನೆಲ ಆ ಸದ್ದನ್ನೆಲ್ಲ ಹೀರದೆ ಮರಳಿಸುತ್ತವೆ. ಸ್ವೀಡನ್ನಿನ ಹೃದ್ರೋಗ ತೀವ್ರ ನಿಗಾ ಘಟಕವೊಂದರಲ್ಲಿ ಚಾವಣಿಯ ಹಲಗೆಗಳನ್ನು ಬದಲಿಸಿ ಸದ್ದು ಹೀರುವಂಥವನ್ನು ಹಾಕಿದಾಗ, ಮಧ್ಯಾಹ್ನದ ಪಾಳಿಯ ಸಿಬ್ಬಂದಿಗೆ ಕೆಲಸದ ಒತ್ತಡ ಕಡಿಮೆಯಾದಂತೆ ಅನಿಸಿತೆಂದು 2005ರ ಅಧ್ಯಯನ ಹೇಳುತ್ತದೆ. ರೋಗಿಗಳೂ ಕೆಲಸವೂ ಅದೇ ಬಗೆಯವು, ಬದಲಾದದ್ದು ಚಾವಣಿ.

ಅಷ್ಟು ಹಣ ಸದ್ಯಕ್ಕೆ ಇಲ್ಲದಿದ್ದರೆ ಅಲಾರಂಗಳಿಂದ ಆರಂಭಿಸಿ. ಅಲಾರಂ ಯಾವ ಅಂಕಿಗೆ ಕೂಗಬೇಕೆಂಬ ಯಂತ್ರದ ಮೂಲ ಮಿತಿಗಳನ್ನೇ ಎಲ್ಲ ರೋಗಿಗಳಿಗೂ ಬಿಡದೆ, ಅರಿವಳಿಕೆ ತಜ್ಞರ ಒಪ್ಪಿಗೆಯೊಂದಿಗೆ ಪ್ರತಿ ರೋಗಿಗೂ ತಕ್ಕ ಮಿತಿ ಹೊಂದಿಸುವುದು ರೂಢಿಯಾಗಲಿ. ಹೃದಯಬಡಿತ ದಾಖಲಿಸುವ ಇಸಿಜಿ ಎಲೆಕ್ಟ್ರೋಡ್ ಅಂಟಿಸುವ ಮೊದಲು ಚರ್ಮವನ್ನು ಚೆನ್ನಾಗಿ ಒರೆಸಿ ಒಣಗಿಸಿದರೆ ಸುಳ್ಳು ಅಲಾರಂ ಕಡಿಮೆಯಾಗುತ್ತದೆ. ಬೆರಳು ಅಲುಗಿದ ಕ್ಷಣಕ್ಕೇ ಆಕ್ಸಿಮೀಟರ್ ಕೂಗದಂತೆ ಕೆಲವು ಸೆಕೆಂಡುಗಳ ತಡೆ ಇಡುವ ಸೌಲಭ್ಯ ಹಲವು ಯಂತ್ರಗಳಲ್ಲಿದೆ. ಅದನ್ನೂ ವೈದ್ಯರೊಂದಿಗೆ ಚರ್ಚಿಸಿಯೇ ಬಳಸಿ. ಟ್ರಾಲಿ ಚಕ್ರಗಳಿಗೆ ಎಣ್ಣೆ, ಕಸದ ಡಬ್ಬಿಗೆ ನಿಧಾನವಾಗಿ ಮುಚ್ಚಿಕೊಳ್ಳುವ ಮುಚ್ಚಳ, ಇವು ಬೇಗ ಆಗುವ ಕೆಲಸಗಳು.

ಒಂದು ನಿಯಮವನ್ನಂತೂ ತಪ್ಪದೆ ತನ್ನಿ. ಶಸ್ತ್ರಚಿಕಿತ್ಸಾ ಕೊಠಡಿಯಿಂದ ಬಂದ ರೋಗಿಯನ್ನು ಅರಿವಳಿಕೆ ತಜ್ಞರು ನರ್ಸ್‌ಗೆ ಒಪ್ಪಿಸುವಾಗ, ಕೊಟ್ಟ ಔಷಧಿ, ಪ್ರಮಾಣ, ಅಲರ್ಜಿಗಳ ವಿವರ ಬಾಯಿಮಾತಿನಲ್ಲೇ ಹೋಗುತ್ತದೆ. ಆ ಕೆಲವು ನಿಮಿಷ ಆ ಹಾಸಿಗೆಯ ಬಳಿ ಬೇರೆ ಮಾತು, ಫೋನು ಇರಬಾರದು.

ಪ್ರಶ್ನೆ: ಪಾಳಿಯಲ್ಲಿ ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳಬಹುದೇ?

ಉತ್ತರ: ರೋಗಿಗಳ ಹೊಣೆ ನಿಮ್ಮ ಮೇಲಿರುವಷ್ಟು ಹೊತ್ತು ಬೇಡ, ಕೇಳಲೇಬೇಕಾದ ಉಸಿರಿನ ಸದ್ದೂ ಗಲಾಟೆಯೊಂದಿಗೆ ಮರೆಯಾಗುತ್ತದೆ. ಬಿಡುವಿನ ವೇಳೆಯನ್ನು ಮಾನಿಟರುಗಳ ಸದ್ದು ತಲುಪದ ಕೋಣೆಯಲ್ಲಿ ಕಳೆಯಿರಿ. ಅಂಥ ಕೋಣೆ ಇಲ್ಲದಿದ್ದರೆ ಆಡಳಿತದವರಲ್ಲಿ ಸಂಕೋಚವಿಲ್ಲದೆ ಕೇಳಿ.