ಕಣ್ಣಿನ ಹಿಂದೆ ರಕ್ತನಾಳಗಳು ಸೇರಿಕೊಂಡರೆ ತಲೆ ಓಪನ್ ಮಾಡ್ತಾರಾ?

ಅಮ್ಮನಿಗೆ ಸಿಸಿಎಫ್ (ಕ್ಯಾರೋಟಿಡ್ ಕ್ಯಾವರ್ನಸ್ ಫಿಸ್ಟುಲಾ, ಅಂದರೆ ಕಣ್ಣಿನ ಹಿಂದೆ ರಕ್ತನಾಳಗಳು ಸೇರಿಕೊಳ್ಳುವ ತೊಂದರೆ) ಅಂತ ಬರೆದುಕೊಟ್ಟಿದ್ದಾರೆ, ಬಿದ್ದಿದ್ದೂ ಇಲ್ಲ, ಪೆಟ್ಟೂ ಇಲ್ಲ, ಇನ್ನು ತಲೆ ಓಪನ್ ಮಾಡ್ತಾರಾ ಅಂತ ಕೇಳಿದ್ದೀರಿ. ಸಾಮಾನ್ಯವಾಗಿ ಇಲ್ಲ. ತೊಡೆಯ ಸಂದಿಯಲ್ಲಿ ಸೂಜಿ ಚುಚ್ಚಿ, ರಕ್ತನಾಳದ ಒಳಗಿಂದಲೇ ತೆಳ್ಳಗಿನ ಟ್ಯೂಬ್ ಕಳಿಸಿ ಕಣ್ಣಿನ ಹಿಂದಿನವರೆಗೆ ಹೋಗುತ್ತಾರೆ.

ನಾನು ಡಾಕ್ಟರ್ ಅಲ್ಲ. ಸುಂಟಿಕೊಪ್ಪದ ಹತ್ತಿರ ನಮ್ಮ ತೋಟ. ನಮ್ಮಣ್ಣ ಕರಿಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಿದ್ದ. ಗಾಯ ಮಾಯುತ್ತಾ ಬಂತು, ಕಣ್ಣು ಮಾತ್ರ ಕೆಂಪಾಗುತ್ತಾ ಹೋಯಿತು. ನೋಡಿದವರೆಲ್ಲ ಮದ್ರಾಸ್ ಐ ಅಂದರು. ಆದರೆ ಗೀಜು ಇರಲಿಲ್ಲ. ಬಿಳಿಗುಡ್ಡೆ ಮೇಲೆ ರಕ್ತನಾಳಗಳು ಸುರುಳಿ ಸುರುಳಿಯಾಗಿ ಎದ್ದಿದ್ದವು, ಕಣ್ಣು ಮುಂದಕ್ಕೆ ಉಬ್ಬಿತ್ತು. ಮಲಗಿದರೆ ತಲೆಯೊಳಗೆ ಸೊಂಯ್ ಸೊಂಯ್ ಸದ್ದು, ಅದೂ ನಾಡಿ ಬಡಿತಕ್ಕೆ ಸರಿಯಾಗಿ. ಕಣ್ಣಿನ ಡಾಕ್ಟರು ರೆಪ್ಪೆ ಮುಚ್ಚಿಸಿ ಮೇಲೆ ಸ್ಟೆತಾಸ್ಕೋಪ್ ಇಟ್ಟರು. ಆಮೇಲೆ ನನ್ನ ಕಿವಿಗೂ ಕೊಟ್ಟರು. ಅದೇ ಸದ್ದು ನನಗೂ ಕೇಳಿಸಿತು!

ಮಿದುಳಿಗೆ ರಕ್ತ ಒಯ್ಯುವ ಕ್ಯಾರೋಟಿಡ್ ನಾಳ ಕಣ್ಣಿನ ಹಿಂದೆ, ಕ್ಯಾವರ್ನಸ್ ಸೈನಸ್ ಅನ್ನುವ ಸಿರೆಗಳ ಗೂಡಿನೊಳಗಿಂದಲೇ ಹಾದು ಹೋಗುತ್ತದೆ. ಅಲ್ಲಿ ಆ ನಾಳ ಸೀಳಿದರೆ ಪ್ರೆಷರಿನ ರಕ್ತ ನೇರ ಸಿರೆಗೆ ನುಗ್ಗುತ್ತದೆ. ಕಣ್ಣಿನಿಂದ ವಾಪಸ್ ಹೋಗಬೇಕಾದ ರಕ್ತಕ್ಕೆ ದಾರಿ ಇರುವುದಿಲ್ಲ. ಕಣ್ಣಿನ ಒತ್ತಡ ಏರುತ್ತದೆ, ಎರಡೆರಡು ಕಾಣಿಸುತ್ತದೆ, ಹಾಗೇ ಬಿಟ್ಟರೆ ದೃಷ್ಟಿಯೇ ಹೋಗಬಹುದು.

ಪೆಟ್ಟಿಲ್ಲದೆ ಬರುವುದು ಹೆಚ್ಚಾಗಿ ಬೇರೆ ಜಾತಿ. ಮುಟ್ಟು ನಿಂತ ಹೆಂಗಸರಲ್ಲಿ ಜಾಸ್ತಿ. ಅಲ್ಲಿ ಸೋರುವುದು ದೊಡ್ಡ ನಾಳ ಅಲ್ಲ, ಮಿದುಳಿನ ಹೊದಿಕೆಯ ಸಣ್ಣ ಕವಲುಗಳು. ಹರಿವು ಕಡಿಮೆ, ಕೆಲವರಿಗೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಅದಕ್ಕೇ ಕೆಲವೊಮ್ಮೆ ಒತ್ತಡ ಇಳಿಸುವ ಡ್ರಾಪ್ಸ್ ಕೊಟ್ಟು ಕಾಯುತ್ತಾರೆ. ಕುತ್ತಿಗೆ ಒತ್ತುವ ವ್ಯಾಯಾಮವನ್ನೂ ಕೆಲವರಿಗೆ ಹೇಳಿಕೊಡುತ್ತಾರೆ. ಡಾಕ್ಟರ್ ಹೇಳದೆ ಸುಮ್ನೆ ವಿಡಿಯೋ ನೋಡಿ ಅದನ್ನು ಮಾಡಿಸಬೇಡಿ. ಕ್ಯಾರೋಟಿಡ್‌ನಲ್ಲಿ ಕೊಬ್ಬು ಕಟ್ಟಿದ್ದರೆ ಸ್ಟ್ರೋಕ್ ಆಗಬಹುದು.

ಯಾವ ಜಾತಿ ಅನ್ನೋದು ಪಕ್ಕಾ ಆಗುವುದು ಡಿಎಸ್‌ಎ ಪರೀಕ್ಷೆಯಲ್ಲಿ. ರಕ್ತನಾಳದೊಳಗೆ ಡೈ ಹಾಕಿ ಎಕ್ಸ್‌ರೇಯಲ್ಲಿ ನೋಡುತ್ತಾರೆ. ಮುಚ್ಚಬೇಕು ಅಂದರೆ ಪ್ಲಾಟಿನಂ ಕಾಯಿಲ್ (ತೆಳ್ಳಗಿನ ತಂತಿಯ ಸುರುಳಿ) ತುಂಬುತ್ತಾರೆ, ಇಲ್ಲವೇ ಅಂಟಿನಂಥ ದ್ರವ ಬಿಡುತ್ತಾರೆ. ತೊಡೆಯ ದಾರಿ ಸಿಗದಿದ್ದರೆ ರೆಪ್ಪೆ ಹತ್ತಿರದ ಸಿರೆಯಿಂದ ಹೋಗುವುದೂ ಉಂಟು. ಅಪಾಯ ಇಲ್ಲವೇ ಇಲ್ಲ ಅಂತಲ್ಲ. ಸ್ಟ್ರೋಕ್, ಕಣ್ಣು ತಿರುಗಿಸುವ ನರಕ್ಕೆ ತೊಂದರೆ, ಎರಡರ ಬಗ್ಗೆಯೂ ಸಹಿ ಹಾಕುವ ಮೊದಲೇ ಕೇಳಿ.

ಮುಚ್ಚಿದ ಮೇಲೆ ಅಣ್ಣನಿಗೆ ಎಚ್ಚರ ಬಂದಾಗಲೇ ಸದ್ದು ನಿಂತಿತ್ತು. ಕೆಂಪು ಇಳಿಯಲು ವಾರಗಳು ಬೇಕಾದವು, ಎರಡೆರಡು ಕಾಣೋದು ಹೋಗಲು ತಿಂಗಳುಗಳೇ. ಕೆಲವರಿಗೆ ಮೊದಲು ಊತ ಸ್ವಲ್ಪ ಜಾಸ್ತಿಯಾಗಿ ಆಮೇಲೆ ಇಳಿಯುತ್ತದಂತೆ. ಅದನ್ನು ನಮಗೆ ಮೊದಲೇ ಹೇಳಿದ್ದರು.

ಇದಕ್ಕೆ ನ್ಯೂರೋ ಇಂಟರ್ವೆನ್ಷನ್ (ರಕ್ತನಾಳದ ಒಳಗಿಂದಲೇ ತಲೆಯ ನಾಳಗಳಿಗೆ ಚಿಕಿತ್ಸೆ) ಮಾಡುವವರು ಬೇಕು. ನಾವು ಬೆಂಗಳೂರಿಗೆ ಹೋದೆವು. ಸ್ಕ್ಯಾನ್ ಸಿಡಿ, ಅಮ್ಮನ ಬಿಪಿ ಮತ್ತು ಶುಗರ್ ಮಾತ್ರೆಗಳ ಚೀಟಿ, ಕಿಡ್ನಿಯ ಕ್ರಿಯಾಟಿನಿನ್ ರಿಪೋರ್ಟ್ ಜೊತೆಗಿರಲಿ. ಡೈ ಕೊಡುವ ಮೊದಲು ಕೇಳುತ್ತಾರೆ. ಆಯುಷ್ಮಾನ್ ಕಾರ್ಡ್ ಇದ್ದರೆ ಅಡ್ಮಿಟ್ ಆಗುವ ಮೊದಲೇ ವಿಚಾರಿಸಿ, ಕಾಯಿಲ್‌ಗಳ ಬೆಲೆ ಸಣ್ಣದಲ್ಲ. ಇಷ್ಟರ ನಡುವೆ ಅಮ್ಮನ ದೃಷ್ಟಿ ಮಂಜಾದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಅವತ್ತೇ ಕರೆದುಕೊಂಡು ಹೊರಡಿ.